ಯೌವನಸ್ಥರ ಕೂಟದಲ್ಲಿ ಗೆಳೆತನದ ಪಾಠ: ಮಾಳಿಗೆ ಅಗೆದ ನಾಲ್ವರು

ಬೀದರ್ ಕಡೆ ಚರ್ಚಿನ ಯೌವನಸ್ಥರ ಕೂಟ ನಡೆಸಲು ಕಲಿಯುತ್ತಿರುವ ನಮ್ಮಂಥವರಿಗೆ ಈ ಟಿಪ್ಪಣಿ. ಗೆಳೆತನದ ಪಾಠ ಅಂದ ಕೂಡಲೇ ಬೋರ್ಡ್ ಮೇಲೆ ‘ಒಳ್ಳೆ ಗೆಳೆಯನ ಗುಣಗಳು’ ಅಂತ ಪಟ್ಟಿ ಬರೆಯುವ ಚಟ ಎಲ್ಲರಿಗೂ ಇದೆ. ಪ್ರೀತಿ, ನಿಷ್ಠೆ, ತ್ಯಾಗ. ಹುಡುಗರು ತಲೆ ಆಡಿಸಿ ಮನೆಗೆ ಹೋಗುತ್ತಾರೆ. ಗುಣ ಬಿಡಿ. ಗೆಳೆಯ ಮಾಡಿದ್ದೇನು, ಅದರಿಂದ ಅವನಿಗೆ ಏನು ಕಳೆಯಿತು ಅಂತ ಕೇಳಿ.

ಅದಕ್ಕೆ ಬೈಬಲಿನ ಮಾರ್ಕ 2:1-12 ಚೆನ್ನಾಗಿ ಒದಗುತ್ತದೆ. ಕಪೆರ್ನೌಮ್ ಊರಲ್ಲಿ ಯೇಸು ಇದ್ದ ಮನೆ ತುಂಬ ಜನ, ಬಾಗಿಲ ಹತ್ತಿರವೂ ಕಾಲಿಡಲು ಜಾಗವಿಲ್ಲ. ಲಕ್ವ ಹೊಡೆದವನನ್ನು ನಾಲ್ವರು ಹೊತ್ತು ತರುತ್ತಾರೆ. ಮೇಲೆ ಹತ್ತಿ, ಮಾಳಿಗೆ ಅಗೆದು, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸುತ್ತಾರೆ. ಆರ್‌ಸಿಸಿ ಮನೆಯಲ್ಲಿ ಬೆಳೆದವರಿಗೆ ಚಾವಣಿ ಅಗೆಯೋದು ಅಂದರೆ ತಲೆಗೆ ಹೋಗಲ್ಲ. ಅಜ್ಜಿ ಊರಿನ ಹಳೇ ಮಾಳಿಗೆ ಮನೆ ನೆನಪಿಸಿ: ತೊಲೆ, ಮೇಲೆ ಜಂತಿ, ಅದರ ಮೇಲೆ ಮಣ್ಣು. ಯೇಸುವಿನ ಕಾಲದ ಆ ಸೀಮೆಯ ಮನೆಗಳೂ ಹೆಚ್ಚುಕಡಿಮೆ ಹೀಗೇ ಇದ್ದವು. ತೊಲೆ ಮೇಲೆ ರೆಂಬೆ, ಜೊಂಡು, ಮೇಲೆ ಮೆತ್ತಿದ ಮಣ್ಣು. ಅಗೆದರೆ ಕೆಳಗೆ ಕೂತವರ ತಲೆ ಮೇಲೆಲ್ಲ ಮಣ್ಣು ಬೀಳುತ್ತದೆ, ಅಲ್ವಾ? ಇಷ್ಟು ಹೇಳಿ ಒಂದು ಪ್ರಶ್ನೆ ಹಾಕಿ: ಆಮೇಲೆ ಆ ಮಾಳಿಗೆ ಯಾರು ಸರಿ ಮಾಡಿದರು? ಬೈಬಲ್ ಹೇಳುವುದಿಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ಗೊತ್ತಿರುವ ಮನೆಯ ಹುಡುಗ ಇದ್ದರೆ ಅವನೇ ಮಾತು ಶುರು ಮಾಡುತ್ತಾನೆ.

ಇನ್ನೊಂದು ವಿಷಯ ಗಮನಿಸಿ. ಮಲಗಿದವನು ಈ ಕಥೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಐದನೇ ವಚನದಲ್ಲಿ ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು. ಪ್ರಾರ್ಥನೆ ಮಾಡಲೂ ಆಗದಷ್ಟು ಸೋತ ಗೆಳೆಯನಿಗಾಗಿ ಬೇರೆಯವರು ನಂಬಬಹುದು ಅನ್ನುವ ಮಾತಿಗೆ ಇಲ್ಲೇ ಜಾಗ ಸಿಗುತ್ತದೆ. ಇದಕ್ಕೆ ಸಾಕಷ್ಟು ಸಮಯ ಕೊಡಿ.

ರಾಜ ಸೌಲನ ಮಗ ಯೋನಾತಾನ ಮತ್ತು ಅವನ ಗೆಳೆಯ ದಾವೀದರ ಕಥೆ ಎಲ್ಲರಿಗೂ ಗೊತ್ತು, ಅದೇ ತೊಂದರೆ. ಯೋನಾತಾನ ತನ್ನ ನಿಲುವಂಗಿ, ಕತ್ತಿ, ಬಿಲ್ಲು ದಾವೀದನಿಗೆ ಕೊಟ್ಟ ಭಾಗಕ್ಕೇ ನಿಲ್ಲಿಸಬೇಡಿ. 1 ಸಮುವೇಲ 20:31 ಓದಿಸಿ. ದಾವೀದ ಬದುಕಿರುವ ತನಕ ನಿನಗೆ ರಾಜ್ಯ ಉಳಿಯದು ಅಂತ ಸೌಲ ಮಗನಿಗೇ ಹೇಳುತ್ತಾನೆ. ಅದು ನಿಜವೂ ಹೌದು. ಸಿಂಹಾಸನ ಕೈತಪ್ಪುತ್ತೆ ಅಂತ ಗೊತ್ತಿದ್ದೂ ಯೋನಾತಾನ 23:16ರಲ್ಲಿ ಕಾಡಿಗೆ ಹೋಗಿ ದಾವೀದನಿಗೆ ಧೈರ್ಯ ತುಂಬುತ್ತಾನೆ. ಕೆಲಸಕ್ಕೆ ಹೈದರಾಬಾದ್ ಸೇರಿ ಕೂಟಕ್ಕೆ ಬರೋದು ನಿಂತವರ ಹೆಸರು ಇಲ್ಲೇ ತೆಗೆಯಿರಿ. ಸ್ಟೇಟಸ್‌ಗೆ ಹಾರ್ಟ್ ಒತ್ತಿದರೆ ಸಾಲದು, ಫೋನ್ ಮಾಡಿಸಿ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡ ಯೋಬನ ಗೆಳೆಯರನ್ನು ಸುಮ್ನೆ ಬೈಯುವವರೇ ಜಾಸ್ತಿ. ಏಳು ಹಗಲು ಏಳು ರಾತ್ರಿ ಅವರು ಅವನ ಜೊತೆ ನೆಲದ ಮೇಲೆ ಬಾಯಿ ಬಿಡದೆ ಕೂತರು (ಯೋಬ 2:13). ಕೆಟ್ಟದ್ದು ಆಮೇಲಿನ ಉಪದೇಶ.

ಗುಟ್ಟಿನ ವಿಷಯಕ್ಕೆ ಬರೋಣ. ನಮ್ಮ ಕೂಟಗಳಲ್ಲಿ ಚಾಡಿ ಬಹಳ ಸಲ ‘ಪ್ರಾರ್ಥನೆ ವಿಷಯ’ದ ವೇಷದಲ್ಲಿ ಬರುತ್ತದೆ. “ಅಕ್ಕಾ, ಅವಳಿಗಾಗಿ ಪ್ರಾರ್ಥಿಸಿ, ಅವಳ ಮನೇಲಿ ಏನಾಯ್ತು ಗೊತ್ತಾ?” ಅಂತ. ಅವಳ ಒಪ್ಪಿಗೆ ಇಲ್ಲದೆ ಹೆಸರು ಹೇಳಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಆದರೆ ಯಾರಾದರೂ ಮೈಮುಟ್ಟಿ ಹಿಂಸೆ ಕೊಡುತ್ತಿದ್ದಾರೆ, ಸಾಯಬೇಕು ಅನಿಸುತ್ತದೆ ಅಂತ ಹುಡುಗನೋ ಹುಡುಗಿಯೋ ಹೇಳಿದರೆ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಕೇಳುವ ಮುಂಚೆಯೇ ಇದನ್ನು ತಿಳಿಸಿರಿ. 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದು ಚರ್ಚಿನೊಳಗೇ ನಡೆದಿದ್ದರೂ ಸರಿ. ಮಕ್ಕಳ ಸಹಾಯವಾಣಿ 1098 ನಂಬರನ್ನು ಕೂಟದ ಕೋಣೆಯ ಗೋಡೆಗೆ ಅಂಟಿಸಿಡಿ.