ಹಳೆಯ ಅಮೆರಿಕನ್ ಶಾಟ್‌ಗನ್‌ಗಳ ಮೇಲಿನ ಸೇನಾ ಮುದ್ರೆ: ಇಷ್ಟೊಂದು ಗೊಂದಲ ಯಾಕೆ?

ವಿಂಚೆಸ್ಟರ್ ಕಂಪನಿಯ 97 ಮಾದರಿಯ ಹಳೆಯ ಶಾಟ್‌ಗನ್ ಕೋವಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದರೆ, ಸಂಗ್ರಾಹಕರ ಕಣ್ಣು ಮೊದಲು ಹುಡುಕುವುದು ಎರಡು ಗುರುತುಗಳನ್ನು: ‘ಯುಎಸ್’ ಎಂಬ ಅಕ್ಷರ, ಜೊತೆಗೆ ಉರಿಯುವ ಬಾಂಬಿನ ಚಿತ್ರ. ಬಾಂಬ್ ಸೇನೆಯ ಶಸ್ತ್ರಾಸ್ತ್ರ ಇಲಾಖೆಯ ಚಿಹ್ನೆ. ಇವೆರಡೂ ಇದ್ದರೆ ಬೆಲೆ ಏರುತ್ತದೆ. ಜಗಳ ಶುರುವಾಗುವುದೂ ಅಲ್ಲಿಂದಲೇ.

ಈ ಕೋವಿಗಳು ಹುಟ್ಟಿದ್ದು ಬೇಟೆಗಾಗಿ. ಜಾನ್ ಬ್ರೌನಿಂಗ್ ರೂಪಿಸಿದ 97ರ ನಳಿಗೆಯನ್ನು ಮೊದಲ ಮಹಾಯುದ್ಧದ ಹೊತ್ತಿಗೆ 20 ಇಂಚಿಗೆ ಇಳಿಸಿ, ಮೇಲೆ ತೂತುಗಳಿರುವ ಲೋಹದ ಕವಚ ಕೂರಿಸಿ, ಬಯೊನೆಟ್ ಸಿಕ್ಕಿಸುವಂತೆ ಮಾಡಿ ಕಂದಕಗಳಿಗೆ ಕಳಿಸಿದರು. ಯುದ್ಧದಲ್ಲಿ ಇಂಥ ಕೋವಿ ಬಳಸಬಾರದೆಂದು 1918ರಲ್ಲಿ ಜರ್ಮನಿ ಪ್ರತಿಭಟಿಸಿತು, ಅಮೆರಿಕ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಾಲದ ಎಲ್ಲ ಕೋವಿಗಳಿಗೂ ಮುದ್ರೆ ಬಿದ್ದಿಲ್ಲ. ಹಾಗಾಗಿ ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಅದು ಸೇನೆಯದ್ದಲ್ಲ ಅನ್ನೋಕೆ ಆಗಲ್ಲ.

ಎರಡನೇ ಮಹಾಯುದ್ಧದಲ್ಲಿ ವಿಷಯ ನಿಜಕ್ಕೂ ಗೋಜಲಾಯಿತು. ವಿಂಚೆಸ್ಟರ್ ಜೊತೆಗೆ ಸ್ಟೀವನ್ಸ್, ಇಥಾಕಾ, ರೆಮಿಂಗ್ಟನ್, ಸ್ಯಾವೇಜ್ ಕೋವಿಗಳನ್ನೂ ಸೇನೆ ಕೊಂಡಿತು. ಎಲ್ಲವೂ ಕಂದಕದ ಕೋವಿಗಳಲ್ಲ. ಉದ್ದ ನಳಿಗೆಯ ರೆಮಿಂಗ್ಟನ್ 11 ವಿಮಾನದ ಗನ್ನರ್‌ಗಳಿಗೆ ಗುರಿ ಕಲಿಸಲು ಬಳಕೆಯಾಯಿತು. ಅದರ ಮೇಲೂ ‘ಯುಎಸ್’ ಇರುತ್ತದೆ, ಅಲ್ವಾ? ಯುದ್ಧಭೂಮಿ ಕಂಡಿತ್ತು ಎಂದು ಅದನ್ನು ಮಾರುವವರೂ ಇದ್ದಾರೆ.

ವಿಂಚೆಸ್ಟರ್ ಕೋವಿಗಳ ಮರದ ಹಿಡಿಯ ಮೇಲೆ ‘ಜಿಎಚ್‌ಡಿ’ ಎಂಬ ಅಕ್ಷರ ಕಾಣಬಹುದು. ಆಗ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಸ್ತ್ರ ಜಿಲ್ಲೆಯ (ಸೇನೆಯ ಶಸ್ತ್ರಾಸ್ತ್ರ ಇಲಾಖೆಯ ಪ್ರಾದೇಶಿಕ ಕಚೇರಿಯ) ಮುಖ್ಯಸ್ಥರಾಗಿದ್ದ ಕರ್ನಲ್ ಗೈ ಎಚ್. ಡ್ರೂರಿ ಅವರ ಹೆಸರಿನ ಮೊದಲಕ್ಷರಗಳು ಇವು. ಹಾಗಂತ ಕರ್ನಲ್ಲೇ ಪ್ರತಿ ಕೋವಿಯನ್ನೂ ಕೈಯಲ್ಲಿ ಹಿಡಿದು ನೋಡಿದರು ಎಂದಲ್ಲ. ತಪಾಸಣೆ ಮಾಡಿ ಮುದ್ರೆ ಒತ್ತುತ್ತಿದ್ದವರು ಕೆಳಗಿನ ಸಿಬ್ಬಂದಿ. ನಳಿಗೆಯ ‘ಡಬ್ಲ್ಯುಪಿ’ ಗುರುತಂತೂ ಸೇನೆಯದ್ದೇ ಅಲ್ಲ. ಅದು ವಿಂಚೆಸ್ಟರ್ ಕಾರ್ಖಾನೆಯ ಸ್ವಂತ ಪರೀಕ್ಷಾ ಮುದ್ರೆ, ಬೇಟೆಯ ಕೋವಿಗಳ ಮೇಲೂ ಇರುತ್ತದೆ.

ಕೋವಿ ಯಾವ ಕಾಲದ್ದು ಎಂದು ತಿಳಿಯಲು ಕವಚದ ತೂತಿನ ಸಾಲುಗಳನ್ನು ಎಣಿಸಿದರೆ ಜಾಸ್ತಿ ಉಪಯೋಗ. ಮೊದಮೊದಲು ಆರು ಸಾಲು ಇದ್ದವು, 1942ರಲ್ಲಿ ನಾಲ್ಕಾದವು. ಮೊದಲ ಯುದ್ಧದ 97ಗಳ ನಳಿಗೆ ಕಳಚಿ ಬರುತ್ತಿರಲಿಲ್ಲ, ಎರಡನೇ ಯುದ್ಧದವು ಹೆಚ್ಚಾಗಿ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತವೆ. 1918ರ ಕೋವಿಗೆ ನಾಲ್ಕು ಸಾಲಿನ ಕವಚ ಇದ್ದರೆ ಆ ಕವಚ ಆಮೇಲೆ ಬಂದದ್ದು.

ಅದು ಮೋಸವೇ ಆಗಬೇಕಿಲ್ಲ. ಸೇನೆಯ ಆರ್ಸೆನಲ್‌ಗಳು, ಅಂದರೆ ಶಸ್ತ್ರಾಗಾರಗಳು, ಹಳೆಯ ಕೋವಿಗಳನ್ನು ರಿಪೇರಿ ಮಾಡಿ, ಬಿಡಿಭಾಗ ಬದಲಿಸಿ, ನೀಲಿ ಮೆರುಗಿನ ಜಾಗದಲ್ಲಿ ಪಾರ್ಕರೈಸಿಂಗ್ ಎಂಬ ತುಕ್ಕು ತಡೆಯುವ ಬೂದು ಲೇಪ ಹಾಕಿ ಮತ್ತೆ ಬಳಕೆಗೆ ಕೊಡುತ್ತಿದ್ದವು. ಹಿಡಿಯ ಮೇಲೆ ‘ಎಎ’ ಇದ್ದರೆ ಅಗಸ್ಟಾ ಆರ್ಸೆನಲ್, ‘ಆರ್‌ಐಎ’ ಇದ್ದರೆ ರಾಕ್ ಐಲ್ಯಾಂಡ್. ಬಹಳ ಮಂದಿ ಇವನ್ನು ಕಳಂಕ ಅಂದುಕೊಳ್ಳುತ್ತಾರೆ. ಆದರೆ ಕೋವಿ ಸೇನೆಯಲ್ಲೇ ಇತ್ತು, ಅಲ್ಲೇ ಸವೆಯಿತು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಯುದ್ಧದ ಕೋವಿಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಬಂದ ಮೇಲೆ ಸಾಮಾನ್ಯ ಬೇಟೆ ಕೋವಿಗಳ ಮೇಲೂ ‘ಯುಎಸ್’ ಮತ್ತು ಬಾಂಬ್ ಮೂಡತೊಡಗಿದವು. ಕವಚದ ನಕಲುಗಳೂ ಬಂದವು. ಇನ್ನೊಂದು ಕಡೆ, ಅಸಲಿ ಕೋವಿಗಳನ್ನೇ ಚೆಂದ ಕಾಣಲೆಂದು ಉಜ್ಜಿಸಿ ಹೊಳಪು ಕೊಡಿಸುತ್ತಾರೆ. ಮರಳು ಕಾಗದ ಹಿಡಿಯ ಮೇಲೆ ಆಡಿತೆಂದರೆ ಮೊದಲು ಹೋಗುವುದು ಆರ್ಸೆನಲ್‌ನ ಆ ಪುಟ್ಟ ಅಕ್ಷರಗಳೇ. ಅವನ್ನು ಮತ್ತೆ ಒತ್ತಿಸಿದರೆ ಅದೂ ನಕಲಿಯೇ.