ಚಿಕ್ಕ ಸಿಕ್ಕಿಂನಲ್ಲಿ ಅಷ್ಟೊಂದು ಸೈನ್ಯ ಯಾಕೆ?

ಓದುಗರ ಪ್ರಶ್ನೆ: ಸಿಕ್ಕಿಂಗೆ ಹೋಗಿ ಬಂದವರೆಲ್ಲ ದಾರಿಯುದ್ದಕ್ಕೂ ಸೇನೆಯ ಲಾರಿಗಳನ್ನೇ ನೋಡಿದೆವು ಅನ್ನುತ್ತಾರೆ. ಗೋವಾ ಬಿಟ್ಟರೆ ದೇಶದ ಅತಿ ಚಿಕ್ಕ ರಾಜ್ಯ ಅದು. ಅಲ್ಲಿ ಅಷ್ಟು ಕಾಯುವಂಥದ್ದು ಏನಿದೆ?

ಉತ್ತರ: ಇದು ತಿಳಿಯಬೇಕಾದರೆ ಸಿಕ್ಕಿಂನ ಅಕ್ಕಪಕ್ಕ ನೋಡಬೇಕು. ಒಂದು ನಕಾಶೆ ಎದುರಿಗಿಟ್ಟುಕೊಳ್ಳಿ. ಪಶ್ಚಿಮಕ್ಕೆ ನೇಪಾಳ, ಉತ್ತರಕ್ಕೆ ಚೀನಾದ ಹಿಡಿತದಲ್ಲಿರುವ ಟಿಬೆಟ್, ಆಗ್ನೇಯಕ್ಕೆ ಭೂತಾನ್, ದಕ್ಷಿಣಕ್ಕೆ ಪಶ್ಚಿಮ ಬಂಗಾಳ. ರಾಜ್ಯದ ವಿಸ್ತೀರ್ಣ ಬರೀ 7,096 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಜನಸಂಖ್ಯೆ ಆರು ಲಕ್ಷ ಚಿಲ್ಲರೆ.

ಈಗ ಪೂರ್ವದ ಗಡಿ ಗಮನಿಸಿ. ಸಿಕ್ಕಿಂಗೂ ಭೂತಾನ್‌ಗೂ ನಡುವೆ ಟಿಬೆಟ್‌ನ ಒಂದು ತುಂಡು ಬೆಣೆಯ ಹಾಗೆ ದಕ್ಷಿಣಕ್ಕೆ ಚಾಚಿಕೊಂಡಿದೆ. ಅದೇ ಚುಂಬಿ ಕಣಿವೆ. ಅದರ ತುದಿಯಿಂದ ಇನ್ನೂ ಕೆಳಗೆ ಬಂದರೆ ಸಿಲಿಗುರಿ ಕಾರಿಡಾರ್. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 20 ಕಿ.ಮೀ. ಅಷ್ಟೇ. ಒಂದು ಬದಿಗೆ ನೇಪಾಳ, ಇನ್ನೊಂದು ಬದಿಗೆ ಬಾಂಗ್ಲಾದೇಶ. ಅಸ್ಸಾಂ, ಅರುಣಾಚಲ ಸೇರಿ ಈಶಾನ್ಯದ ಏಳು ರಾಜ್ಯಗಳಿಗೆ ನಮ್ಮದೇ ನೆಲದ ಮೇಲೆ ಹೋಗುವ ರೈಲು, ರಸ್ತೆ ಎಲ್ಲ ಈ ಪಟ್ಟಿಯಲ್ಲೇ ಹಾಯಬೇಕು.

ಸಿಕ್ಕಿಂ ಇರುವುದು ಇದರ ನೆತ್ತಿಯ ಮೇಲೆ. 4,310 ಮೀಟರ್ ಎತ್ತರದ ನಾಥು ಲಾ (‘ಲಾ’ ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ) ಮತ್ತು ಅದರ ಸುತ್ತಲಿನ ಏಣುಗಳಿಂದ ಚುಂಬಿ ಕಣಿವೆಯ ಕಡೆ ಕಣ್ಣಿಡಬಹುದು. ಚುಂಬಿಯಿಂದ ದಕ್ಷಿಣಕ್ಕೆ ನುಗ್ಗಲು ನೋಡುವ ಯಾವ ಸೇನೆಗಾದರೂ ಪಕ್ಕದ ಎತ್ತರದಲ್ಲಿ ಭಾರತದ ಸೈನಿಕರಿದ್ದಾರೆ. ನನ್ನ ಪ್ರಕಾರ ಸಿಕ್ಕಿಂನ ಬೆಲೆಯೆಲ್ಲ ಇದರಲ್ಲೇ ಇದೆ.

ಈ ಎತ್ತರ ಸುಮ್ನೆ ಉಳಿದದ್ದಲ್ಲ. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದಾಗ ಚೀನಾ ಇಲ್ಲಿನ ಠಾಣೆಗಳನ್ನು ತೆರವು ಮಾಡಿ ಎಂದು ಗಡುವು ಕೊಟ್ಟಿತು. ಜೆಲೆಪ್ ಲಾ ಠಾಣೆ ತೆರವಾಯಿತು, ಅದು ಚೀನಾದ ಕೈಗೆ ಹೋಯಿತು. ನಾಥು ಲಾ ಹೊಣೆ ಹೊತ್ತಿದ್ದ ಮೇಜರ್ ಜನರಲ್ ಸಗತ್ ಸಿಂಗ್ ಮಾತ್ರ ಕದಲಲಿಲ್ಲ. ನೀರು ಎರಡು ಕಡೆಗೆ ಹಂಚಿ ಹರಿಯುವ ಏಣೇ ಗಡಿ, ಅದನ್ನು ಬಿಡುವ ಮಾತೇ ಇಲ್ಲ ಎಂಬುದು ಅವರ ನಿಲುವು. ಎರಡು ವರ್ಷದ ನಂತರ, 1967ರ ಸೆಪ್ಟೆಂಬರ್‌ನಲ್ಲಿ, ಮುಳ್ಳುತಂತಿ ಬೇಲಿ ಹಾಕುವ ವಿಷಯಕ್ಕೆ ಅಲ್ಲಿ ಗುಂಡು, ಫಿರಂಗಿಯ ಕಾಳಗವೇ ನಡೆಯಿತು. ಅಕ್ಟೋಬರ್‌ನಲ್ಲಿ ಚೋ ಲಾದಲ್ಲಿ ಮತ್ತೆ ಘರ್ಷಣೆ. ಎರಡೂ ಕಡೆ ನಮ್ಮವರು ಜಾಗ ಬಿಡಲಿಲ್ಲ. ಆಗಿನ್ನೂ ಸಿಕ್ಕಿಂ ನಮ್ಮ ರಾಜ್ಯವಾಗಿರಲಿಲ್ಲ, ನೆನಪಿರಲಿ. 1950ರ ಒಪ್ಪಂದದಂತೆ ಅದರ ರಕ್ಷಣೆ ಭಾರತದ ಹೊಣೆಯಾಗಿತ್ತು. ರಾಜ್ಯವಾದದ್ದು 1975ರ ಮೇ ತಿಂಗಳಲ್ಲಿ.

2017ರ ಡೋಕ್ಲಾಂ ನೆನಪಿದೆ ಅಲ್ವಾ? ಭೂತಾನ್ ತನ್ನದೆನ್ನುವ ಆ ಜಾಗದಲ್ಲಿ ಚೀನಾ ದಕ್ಷಿಣಕ್ಕೆ ರಸ್ತೆ ಮಾಡಲು ಹೊರಟಿತ್ತು. ಅದು ಮುಗಿದರೆ ಸಿಲಿಗುರಿಗೆ ಇನ್ನಷ್ಟು ಹತ್ತಿರ. ಪಕ್ಕದ ಸಿಕ್ಕಿಂನಿಂದ ನಮ್ಮ ಸೈನಿಕರು ಹೋಗಿ ತಡೆದರು. 73 ದಿನ ಎರಡೂ ಸೇನೆಗಳು ಎದುರುಬದುರು ನಿಂತಿದ್ದವು.

ರಾಜ್ಯದ ಉತ್ತರ ತುದಿಯ ನೆಲವೇ ಬೇರೆ. ಗುರುಡೋಂಗ್‌ಮಾರ್ ಸರೋವರದ ಸುತ್ತ 5,000 ಮೀಟರ್‌ಗಿಂತ ಎತ್ತರದಲ್ಲಿ ಟಿಬೆಟ್‌ನಂಥ ಬೋಳು ಬಯಲು. ಅಲ್ಲಿ ಟ್ಯಾಂಕ್‌ಗಳೂ ಓಡಾಡುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಕಡಿಮೆ ಚರ್ಚೆಯಾಗುವ ಒಂದು ವಿಷಯ ಹೇಳಲೇಬೇಕು. ಬಯಲುಸೀಮೆಯಿಂದ ಗ್ಯಾಂಗ್ಟಾಕ್‌ಗೆ ಮುಖ್ಯ ದಾರಿ ತೀಸ್ತಾ ನದಿಯ ಪಕ್ಕದ ರಾಷ್ಟ್ರೀಯ ಹೆದ್ದಾರಿ 10. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಬಂದ್. 2023ರ ಅಕ್ಟೋಬರ್‌ನಲ್ಲಿ ದಕ್ಷಿಣ ಲ್ಹೋನಕ್ ಎಂಬ ಹಿಮನದಿಯ ಸರೋವರ ಒಡೆದು, ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವಾಟ್ ವಿದ್ಯುತ್ ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು. ಸೇತುವೆಗಳು ಹೋದವು, ಊರಿನವರ ಜೊತೆ ಸೈನಿಕರೂ ಪ್ರಾಣ ಕಳೆದುಕೊಂಡರು. ಗಡಿಯಲ್ಲಿ ಎಷ್ಟೇ ಸೈನ್ಯವಿದ್ದರೂ ಅಕ್ಕಿ, ಡೀಸೆಲ್, ಮದ್ದುಗುಂಡು ಈ ದಾರಿಯಲ್ಲೇ ಮೇಲೇರಬೇಕು. ಹಾಗಾಗಿ ಆ ಸರೋವರಗಳ ಮೇಲೆ ಕಣ್ಣಿಡುವುದೂ ಗಡಿ ಕಾಯುವ ಕೆಲಸವೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಪಶ್ಚಿಮ ಬಂಗಾಳದ ಸೆವೋಕ್‌ನಿಂದ ಸಿಕ್ಕಿಂನ ರಂಗ್ಪೋಗೆ ರೈಲು ಮಾರ್ಗ ಕಟ್ಟುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಸುಮಾರು 45 ಕಿ.ಮೀ., ಬಹುಪಾಲು ಸುರಂಗದಲ್ಲೇ. ಆದರೆ ರಂಗ್ಪೋ ಇರುವುದು ರಾಜ್ಯದ ಹೊಸ್ತಿಲಲ್ಲಿ. ಅಲ್ಲಿಂದ ಮುಂದೆ ನಾಥು ಲಾಗೂ, ಉತ್ತರದ ಲಾಚೆನ್‌ಗೂ ಗುಡ್ಡ ಕಡಿದು ಮಾಡಿದ ರಸ್ತೆಯಲ್ಲೇ ಹತ್ತಬೇಕು.