ರಕ್ತಭೇದಿ ಮಾಗುವುದು ನೀರಿನ ಬಟ್ಟಲ ಸುತ್ತ

ನಾಲ್ಕೈದು ವಾರದ ಗಿರಿರಾಜ ಕೋಳಿಮರಿಗಳು ಒಂದು ಬೆಳಿಗ್ಗೆ ರೆಕ್ಕೆ ಜೋಲು ಬಿಟ್ಟು, ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ಗುಂಪಾಗಿ ನಿಂತಿರುತ್ತವೆ. ಹಾಸಿದ ಹೊಟ್ಟಿನ ಮೇಲೆ ರಕ್ತ ಬೆರೆತ ಹಿಕ್ಕೆ. ಸತ್ತ ಮರಿಯನ್ನು ಕೊಯ್ದು ನೋಡಿದರೆ, ಕರುಳಿನ ಕೊನೆಗೆ ಕವಲೊಡೆದ ಎರಡೂ ಕುರುಡುಗರುಳು ರಕ್ತ ತುಂಬಿ ಉಬ್ಬಿರುತ್ತವೆ. ಇದು ಕಾಕ್ಸಿಡಿಯೋಸಿಸ್, ರೂಢಿಯ ಮಾತಿನಲ್ಲಿ ರಕ್ತಭೇದಿ. ಕೊಕ್ಕರೆ ರೋಗದಲ್ಲಿ (ರಾಣಿಖೇತ್) ಹಿಕ್ಕೆ ಹಸಿರಾಗುತ್ತದೆ, ಉಸಿರಾಟವೂ ಕೆಡುತ್ತದೆ. ಕುರುಡುಗರುಳು ಹೀಗೆ ರಕ್ತದಿಂದ ತುಂಬುವುದಿಲ್ಲ.

ರೋಗ ತರುವುದು ಐಮೀರಿಯಾ ಎಂಬ ಏಕಕೋಶ ಜೀವಿ. ಇದರ ಮೊಟ್ಟೆ ಹಿಕ್ಕೆಯ ಜೊತೆ ಹೊರಬೀಳುತ್ತದೆ. ಆದರೆ ಆಗತಾನೆ ಬಿದ್ದ ಹಿಕ್ಕೆಯನ್ನು ಇನ್ನೊಂದು ಮರಿ ಕುಕ್ಕಿ ತಿಂದರೂ ರೋಗ ತಗಲುವುದಿಲ್ಲ. ಮೊಟ್ಟೆ ಮೊದಲು ಮಾಗಬೇಕು. ಅದಕ್ಕೆ ತೇವ, ಗಾಳಿ ಮತ್ತು 25–30 ಡಿಗ್ರಿ ಬಿಸಿ ಬೇಕು, 1–2 ದಿನ ಹಿಡಿಯುತ್ತದೆ. ಮಾಗಿದ ಒಂದು ಮೊಟ್ಟೆಯೊಳಗೆ 8 ಜೀವಿಗಳು ಕಾಯುತ್ತಿರುತ್ತವೆ. ಮರಿಯ ಕಲ್ಲುಹೊಟ್ಟೆ ಕಾಳಿನ ಹಾಗೆ ಮೊಟ್ಟೆಯನ್ನೂ ಅರೆದು ಚಿಪ್ಪು ಒಡೆಯುತ್ತದೆ, ಒಳಗಿನವು ಕರುಳಿನ ಗೋಡೆಗೆ ಹೊಕ್ಕು ಮೇಲಿಂದ ಮೇಲೆ ಹೆಚ್ಚುತ್ತವೆ. 5ನೇ ದಿನದ ಹೊತ್ತಿಗೆ ಗೋಡೆ ಹರಿದು ರಕ್ತ ಕಾಣುತ್ತದೆ. ಹೊಸ ಮೊಟ್ಟೆಗಳು ಸಾವಿರಗಟ್ಟಲೆ ಹೊರಬೀಳಲು ಶುರುವಾಗುವುದು 6–7ನೇ ದಿನ.

ಈ ಲೆಕ್ಕದಲ್ಲೇ ರೈತನಿಗೆ ಸಿಗುವ ಬಿಡುವು ಇದೆ. ರಕ್ತ ಕಂಡ ದಿನವೇ ಒದ್ದೆ ಹೊಟ್ಟು ಬಳಿದು ಹೊರಹಾಕಿ ಒಣ ಹೊಟ್ಟು ಹಾಸಿದರೆ, ಮುಂದಿನ ಮೊಟ್ಟೆಗಳಿಗೆ ಮಾಗುವ ಜಾಗವೇ ತಪ್ಪುತ್ತದೆ. ಬಹಳ ಮಂದಿ ಔಷಧಿ ತರಲು ಓಡುತ್ತಾರೆ, ಹೊಟ್ಟು ಅಲ್ಲೇ ಉಳಿಯುತ್ತದೆ.

ಖಾನಾಪುರದ ಕಡೆ ಜುಲೈನಲ್ಲಿ ಹೊಟ್ಟು ತಾನೇ ತೇವ ಹೀರುತ್ತದೆ. ಅಲ್ಲಿಯ ರೈತರಿಗೆ ಈ ರೋಗದ ಅಂಜಿಕೆ ಮೊದಲಿನಿಂದಲೂ ಇದೆ. ವಿಜಯಪುರ, ಬಾಗಲಕೋಟೆಯ ಒಣ ಸೀಮೆಯಲ್ಲಿ 'ನಮ್ಮ ಬಿಸಿಲಿಗೆ ಯಾವ ರೋಗ ಉಳಿದೀತು' ಎಂಬ ನಂಬಿಕೆ. ಬಿಸಿಲು, ಒಣಗಾಳಿ ಮೊಟ್ಟೆಯನ್ನು ಕೊಲ್ಲುವುದು ನಿಜ. ಆದರೆ ಶೆಡ್ಡಿನೊಳಗೆ ನೀರಿನ ಬಟ್ಟಲ ಸುತ್ತಲಿನ ಒಂದೆರಡು ಅಡಿಯಲ್ಲಿ ವರ್ಷವಿಡೀ ಮಳೆಗಾಲ. ಬೇಸಿಗೆಯಲ್ಲಿ ಮರಿ ಹೆಚ್ಚು ಕುಡಿಯುತ್ತದೆ, ಹೆಚ್ಚು ಚೆಲ್ಲುತ್ತದೆ, ತಂಪಿಗೆಂದು ಅಲ್ಲೇ ಕೂರುತ್ತದೆ, ಅಲ್ಲೇ ಹಿಕ್ಕೆ ಹಾಕುತ್ತದೆ.

ಆದ್ದರಿಂದ ಬಟ್ಟಲಿನ ಅಂಚು ಮರಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ಮರಿ ಬೆಳೆದಂತೆ ಕೆಳಗಿನ ಇಟ್ಟಿಗೆ ಏರಿಸಿ. ಶೇಂಗಾ ಹೊಟ್ಟು ಅಥವಾ ಭತ್ತದ ಹೊಟ್ಟು 2–3 ಇಂಚು ದಪ್ಪ ಹಾಸಿ, ದಿನಾ ಕೆದರಿ. ಬಟ್ಟಲ ಬಳಿಯ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ: ಕೈ ತೆರೆದಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಅವತ್ತೇ ಬದಲಿಸಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ನಂಬಬೇಡಿ, ಈ ಮೊಟ್ಟೆಯ ಚಿಪ್ಪಿಗೆ ಅವು ತಾಗುವುದಿಲ್ಲ. ಮರಿಗಳ ಒಂದು ತಂಡ ಸಾಕಿ ಮುಗಿದ ಮೇಲೆ ಹೊಟ್ಟು ಪೂರ್ತಿ ತೆಗೆದು, ನೆಲಕ್ಕೂ ಗೋಡೆಯ ಬುಡಕ್ಕೂ ಬೆಂಕಿ ಗನ್ ಹಿಡಿಯುವುದೇ ಖಾತ್ರಿಯ ದಾರಿ. ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ರೋಗ ಹೋಗುವುದು ಚಪ್ಪಲಿ, ಪಂಜರ, ಮರಳಿ ಬಳಸಿದ ಗೋಣಿಚೀಲದ ಮೂಲಕ.

ಔಷಧಿ ಆಂಪ್ರೋಲಿಯಂ. 20% ಪುಡಿಯಾದರೆ 10 ಲೀಟರ್ ನೀರಿಗೆ 6 ಗ್ರಾಂ, ರೋಗ ಜೋರಾಗಿದ್ದರೆ ಪಶುವೈದ್ಯರನ್ನು ಕೇಳಿ 12 ಗ್ರಾಂವರೆಗೆ, 3–5 ದಿನ; ಆಮೇಲೆ 3 ಗ್ರಾಂನಂತೆ ಒಂದೆರಡು ವಾರ. ಮೇವಿಗೆ ಬೆರೆಸಿದರೆ ಸಾಲದು, ರೋಗದ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತದೆ. ಬೇರೆ ನೀರು ಸಿಗದಂತೆ ನೋಡಿಕೊಳ್ಳಿ. ಎಡವುವುದು ಇಲ್ಲಿ: ಸೊರಗಿದ ಮರಿಗೆ ಶಕ್ತಿ ಬರಲೆಂದು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಸೇರಿಸುತ್ತಾರೆ. ಆಂಪ್ರೋಲಿಯಂ ಬಿ1 ವಿಟಮಿನ್ನಿನ ವೇಷ ಹಾಕಿಕೊಂಡು ರೋಗಾಣುವನ್ನು ಉಪವಾಸ ಕೆಡವುವ ಔಷಧಿ. ನಿಜವಾದ ಬಿ1 ಪಕ್ಕದಲ್ಲೇ ಸಿಕ್ಕರೆ ಅದರ ಬಲ ಕುಂದುತ್ತದೆ. ಆ ದಿನಗಳಲ್ಲಿ ಎ ಮತ್ತು ಕೆ ವಿಟಮಿನ್ ಕೊಡಬಹುದು.

ಆಡು-ಕುರಿ ಮರಿಗಳಿಗೂ ಕಾಕ್ಸಿಡಿಯೋಸಿಸ್ ಬರುತ್ತದೆ, ಅವುಗಳ ಐಮೀರಿಯಾ ಬೇರೆ. ಕೋಳಿಯದು ಕುರಿಗೆ ಹತ್ತುವುದಿಲ್ಲ, ಕುರಿಯದು ಕೋಳಿಗೆ ಹತ್ತುವುದಿಲ್ಲ. ಅಲ್ಲಿ ಬಟ್ಟಲಿನ ಬದಲು ಮೇವು ಹಾಕುವ ಗ್ವಾದಲಿ: ಮರಿ ಕಾಲಿಟ್ಟು ನಿಲ್ಲುವಷ್ಟು ತಗ್ಗಿದ್ದರೆ ಹಿಕ್ಕೆಯೂ ಮೇವೂ ಒಂದಾಗುತ್ತವೆ. ತಲೆ ಮಾತ್ರ ತೂರುವಂತೆ ಗಳಗಳನ್ನು ಅಡ್ಡ ಕಟ್ಟಿ.

ಕುರಿಗಳ ಕರುಳು ಬೇನೆಯನ್ನು (ಎಂಟೆರೊಟಾಕ್ಸಿಮಿಯಾ) ಇದರ ಜೊತೆ ಸೇರಿಸಬಾರದು. ಅದನ್ನು ತರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಮೊದಲೇ ಕರುಳಲ್ಲಿ ಅಲ್ಪಸ್ವಲ್ಪ ಇರುತ್ತದೆ. ರಾಶಿ ಮುಗಿದ ಜೋಳದ ಹೊಲದಲ್ಲಿ ಬಿದ್ದ ತೆನೆಯನ್ನೋ, ಮೊದಲ ಮಳೆಯ ಎಳೆ ಹುಲ್ಲನ್ನೋ ಹೊಟ್ಟೆಬಿರಿಯ ತಿಂದಾಗ ಅದು ಒಮ್ಮೆಲೇ ಹೆಚ್ಚಿ ವಿಷ ಉಗುಳುತ್ತದೆ. ಅದಕ್ಕೇ ಹಿಂಡಿನಲ್ಲಿ ಗಟ್ಟಿಮುಟ್ಟಾದ ಮರಿಗಳೇ ಮೊದಲು ಸಾಯುತ್ತವೆ. ರೋಗದ ಕುರಿಯನ್ನು ಬೇರೆ ಕಟ್ಟಿದರೆ ಉಳಿದವು ಪಾರಾಗುವುದಿಲ್ಲ. ಮಳೆಗೆ ಮುಂಚೆಯೇ ಲಸಿಕೆ ಆಗಿರಬೇಕು, ಮೊದಲ ಸಲವಾದರೆ 2–3 ವಾರದ ಅಂತರದಲ್ಲಿ ಎರಡು ಡೋಸು.